ಅಮೆರಿಕದ ಅಂಚೆ ಗಾಡಿಗೆ ನಿವೃತ್ತಿ ಸಿಗಲು ಇಷ್ಟು ತಡವೇಕೆ?

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಸ್ಟೇರಿಂಗು ಎಡಕ್ಕಿರುತ್ತದೆ. ಅಲ್ಲಿನ ಬಿಳಿ ಬಣ್ಣದ ಅಂಚೆ ಗಾಡಿ ಮಾತ್ರ ಇದಕ್ಕೆ ಹೊರತು. ಅದರ ಸ್ಟೇರಿಂಗು ನಮ್ಮ ಗಾಡಿಗಳ ಹಾಗೆ ಬಲಕ್ಕೇ ಇದೆ. ಬಡಾವಣೆಗಳಲ್ಲಿ ಟಪಾಲು ಡಬ್ಬಿಗಳು ರಸ್ತೆಯಂಚಿನ ಗೂಟದ ಮೇಲಿರುತ್ತವೆ. ಪೋಸ್ಟ್‌ಮ್ಯಾನ್ ಸೀಟಿನಿಂದ ಏಳದೆ ಕಿಟಕಿಯಿಂದ ಕೈ ಚಾಚಿ ಕಾಗದ ಹಾಕಿ ಮುಂದಿನ ಮನೆಗೆ ಸಾಗುತ್ತಾನೆ. ದಿನಕ್ಕೆ ನೂರಾರು ಸಲ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ಮಾಮೂಲಿ ಕಾರಿಗೆ ಇದು ತಡೆಯುವ ಕೆಲಸವಲ್ಲ.

ಈ ಗಾಡಿಗಿಂತ ಮೊದಲು ಅಂಚೆಯವರ ಬಳಿ ಇದ್ದದ್ದು ಜೀಪು. ಅವು ಬೇಗ ಸವೆಯುತ್ತಿದ್ದುದರಿಂದ 1980ರ ದಶಕದಲ್ಲಿ ಅಮೆರಿಕದ ಅಂಚೆ ಸೇವೆ ಬಾಳಿಕೆಯನ್ನೇ ಮುಖ್ಯ ಷರತ್ತಾಗಿಟ್ಟು ಹೊಸ ಗಾಡಿಗೆ ಟೆಂಡರು ಕರೆಯಿತು. ಮಾದರಿಗಳನ್ನು ಟೆಕ್ಸಾಸಿನ ಲಾರೆಡೊದಲ್ಲಿ ಜಲ್ಲಿ ರಸ್ತೆ, ಹಳ್ಳ, ದಿಣ್ಣೆಗಳ ಮೇಲೆ ಸಾವಿರಾರು ಮೈಲಿ ಓಡಿಸಿ ಪರೀಕ್ಷಿಸಿದರು. 1986ರಲ್ಲಿ ಗುತ್ತಿಗೆ ಗೆದ್ದದ್ದು ಗ್ರಮ್ಮನ್, ಚಂದ್ರನ ಮೇಲಿಳಿದ ಅಪೊಲೊ ನೌಕೆಯನ್ನು ಕಟ್ಟಿದ ಅದೇ ಕಂಪನಿ. 99,150 ಗಾಡಿಗಳಿಗೆ 110 ಕೋಟಿ ಡಾಲರ್. ತುಕ್ಕು ಹಿಡಿಯದ ಅಲ್ಯುಮಿನಿಯಂ ಮೈ, ಷೆವರ್ಲೆ ಎಸ್-10 ಪಿಕಪ್‌ನ ಚಾಸಿ. ಹೆಸರು ‘ಲಾಂಗ್ ಲೈಫ್ ವೆಹಿಕಲ್’, ಚಿಕ್ಕದಾಗಿ ಎಲ್‌ಎಲ್‌ವಿ. 24 ವರ್ಷ ಬಾಳಬೇಕೆಂಬುದು ಲೆಕ್ಕ. 1987ರಿಂದ 1994ರವರೆಗೆ 1.4 ಲಕ್ಷಕ್ಕೂ ಹೆಚ್ಚು ಗಾಡಿಗಳು ಬಂದವು.

ಆ ಲೆಕ್ಕದಂತೆ ಹೋದರೆ ಕೊನೆಯ ಗಾಡಿಯೂ 2018ಕ್ಕೆ ಗುಜರಿ ಸೇರಬೇಕಿತ್ತು. ಹಾಗಾಗಲಿಲ್ಲ. ಇದಕ್ಕೆ ಅಧಿಕಾರಿಗಳ ಸೋಮಾರಿತನ ಕಾರಣ ಅನ್ನುವವರಿದ್ದಾರೆ. ನನಗೆ ದುಡ್ಡಿನ ಕಥೆಯೇ ದೊಡ್ಡದಾಗಿ ಕಾಣುತ್ತದೆ. ಅಲ್ಲಿನ ಅಂಚೆ ಸೇವೆ ದಿನನಿತ್ಯದ ಖರ್ಚನ್ನು ತೆರಿಗೆಯಿಂದಲ್ಲ, ತನ್ನ ಗಳಿಕೆಯಿಂದಲೇ ನಡೆಸಬೇಕು. 2006ರಲ್ಲಿ ಸಂಸತ್ತು ಒಂದು ಕಾಯ್ದೆ ತಂದು, ಮುಂದೆ ನಿವೃತ್ತರಾಗುವ ನೌಕರರ ಆರೋಗ್ಯ ವಿಮೆಗೆ ಈಗಿನಿಂದಲೇ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಕೂಡಿಡಬೇಕೆಂದು ವಿಧಿಸಿತು. 21,300 ಕೋಟಿ ಟಪಾಲು ಸಾಗಿಸಿ ಅಂಚೆ ಉತ್ತುಂಗ ಮುಟ್ಟಿದ್ದೂ ಅದೇ ವರ್ಷ. ಅಲ್ಲಿಂದ ಕಾಗದ ಇಳಿಮುಖ, ಹೊರೆ ಮಾತ್ರ ಹಾಗೇ. ಇಂಥ ಸಂಸಾರದಲ್ಲಿ ಹೊಸ ಗಾಡಿಯ ಮಾತೆತ್ತುವವರು ಯಾರು? ಆ ವಿಧಿಯನ್ನು ತೆಗೆದುಹಾಕಿದ್ದು 2022ರಲ್ಲಿ.

ಅಷ್ಟರಲ್ಲಿ ಗಾಡಿಯ ಕೆಲಸವೇ ಬದಲಾಗಿತ್ತು. ಕಾಗದಕ್ಕೆಂದು ಮಾಡಿದ ಡಬ್ಬದೊಳಗೆ ಆನ್‌ಲೈನ್ ಪಾರ್ಸೆಲ್‌ಗಳನ್ನು ತುರುಕಬೇಕಾಯಿತು. ಎಸಿ ಇಲ್ಲ, ಏರ್‌ಬ್ಯಾಗ್ ಇಲ್ಲ; ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಫ್ಯಾನು ಬಿಸಿಗಾಳಿಯನ್ನೇ ಮುಖಕ್ಕೆ ಬೀಸುತ್ತದೆ. 2018ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ತಾಪಮಾನ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ದಿನ ಬಟವಾಡೆಗೆ ಹೊರಟ ಮಹಿಳೆಯೊಬ್ಬರು ಇಂಥದೇ ಗಾಡಿಯಲ್ಲಿ ಪ್ರಾಣಬಿಟ್ಟರು. ಹಳತಾದ ಗಾಡಿಗಳು ನಡುರಸ್ತೆಯಲ್ಲಿ ಹೊತ್ತಿ ಉರಿದ ಪ್ರಕರಣಗಳೂ ನೂರಾರು.

ಬದಲಿ ಹುಡುಕಾಟ 2015ರಲ್ಲಿ ಶುರುವಾಯಿತು. ಮರುವರ್ಷ ಮಾದರಿ ತಯಾರಿಸಲು ಆರಿಸಿದ ಆರು ಕಂಪನಿಗಳಲ್ಲಿ ನಮ್ಮ ಮಹೀಂದ್ರವೂ ಇತ್ತು. ಭಾರತದಲ್ಲಿ ವಿಲ್ಲಿಸ್ ಜೀಪು ಜೋಡಿಸುತ್ತ ವಾಹನ ವ್ಯಾಪಾರಕ್ಕಿಳಿದ ಕಂಪನಿ ಅದು. ಅಮೆರಿಕದ ಹಳೆಯ ಅಂಚೆ ಜೀಪೂ ಆ ವಿಲ್ಲಿಸ್ ವಂಶದ್ದೇ. ಗುತ್ತಿಗೆ ಸಿಕ್ಕಿದ್ದರೆ ಕಥೆಗೊಂದು ಸೊಗಸಾದ ತಿರುವಿರುತ್ತಿತ್ತು, ಸಿಗಲಿಲ್ಲ. 2021ರ ಫೆಬ್ರುವರಿಯಲ್ಲಿ ಅದು ಸೇನೆಗೆ ಟ್ರಕ್ಕು ಮಾಡಿಕೊಡುವ ಆಷ್‌ಕಾಷ್ ಡಿಫೆನ್ಸ್ ಪಾಲಾಯಿತು. ಹತ್ತು ವರ್ಷಗಳಲ್ಲಿ 50,000ದಿಂದ 1.65 ಲಕ್ಷದವರೆಗೆ ಗಾಡಿ.

ಅದರ ಚಿತ್ರ ಕಂಡು ಜನ ನಕ್ಕರು. ಮೂತಿ ತೀರಾ ಕೆಳಗೆ, ಮುಂಗಾಜು ಆಕಾಶದೆತ್ತರ, ಥೇಟ್ ಬಾತುಕೋಳಿ. ಆ ರೂಪಕ್ಕೆ ಕಾರಣವಿದೆ: ಕುಳ್ಳಗಿನ ಚಾಲಕರಿಗೂ ಗಾಡಿಯ ಮುಂದೆ ಓಡುವ ಮಗು ಕಾಣಬೇಕು, ಎತ್ತರದವರು ಹಿಂಭಾಗದಲ್ಲಿ ಬೆನ್ನು ಬಗ್ಗಿಸದೆ ನಿಂತು ಪಾರ್ಸೆಲ್ ತೆಗೆಯುವಂತಿರಬೇಕು. ಎಸಿ, ಏರ್‌ಬ್ಯಾಗ್, ಸುತ್ತಲೂ ಕ್ಯಾಮೆರಾ ಕೊನೆಗೂ ಬಂದವು.

ಜಗಳ ಎದ್ದದ್ದು ಎಂಜಿನ್ನಿನ ಮೇಲೆ. ಆಗಿನ ಪೋಸ್ಟ್‌ಮಾಸ್ಟರ್ ಜನರಲ್ ಲೂಯಿಸ್ ಡಿಜಾಯ್ ಮೊದಲಿಗೆ ನೂರಕ್ಕೆ ಹತ್ತು ಗಾಡಿಗಳನ್ನಷ್ಟೇ ಎಲೆಕ್ಟ್ರಿಕ್ ಮಾಡಲು ಹೊರಟಿದ್ದರು. ಹೊಸ ಪೆಟ್ರೋಲ್ ಗಾಡಿಯೋ, ಎಸಿ ಹಾಕಿದರೆ ಲೀಟರಿಗೆ ಮೂರೂವರೆ ಕಿಲೋಮೀಟರ್ ದಾಟುವುದೇ ಕಷ್ಟ. ಮೂವತ್ತು ವರ್ಷದ ಹಳೆಯದೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಿತ್ತು! ಪರಿಸರ ಸಂರಕ್ಷಣಾ ಸಂಸ್ಥೆ ಆಕ್ಷೇಪ ಎತ್ತಿತು, 16 ರಾಜ್ಯಗಳು ಕೋರ್ಟಿಗೆ ಹೋದವು. ಅವರ ವಾದದಲ್ಲಿ ಹುರುಳಿತ್ತು. ದಿನಕ್ಕೆ ಕೆಲವೇ ಮೈಲಿ, ಅದೇ ಬೀದಿ, ಸಂಜೆಗೆ ಅದೇ ಶೆಡ್ಡು. ಬ್ಯಾಟರಿ ಗಾಡಿಗೆ ಇದಕ್ಕಿಂತ ಹೇಳಿಮಾಡಿಸಿದ ಕೆಲಸ ಇನ್ನೊಂದಿಲ್ಲ. ಯೋಚನೆಯೇನೂ ಹೊಸದಲ್ಲ. 1899ರಲ್ಲೇ ಬಫಲೋ ನಗರದಲ್ಲಿ ಎಲೆಕ್ಟ್ರಿಕ್ ಗಾಡಿಯಿಂದ ಟಪಾಲು ಸಂಗ್ರಹಿಸಿ ನೋಡಿದ್ದರು.

2022ರಲ್ಲಿ ಸಂಸತ್ತು ಸುಮಾರು 300 ಕೋಟಿ ಡಾಲರ್ ಕೊಟ್ಟ ಮೇಲೆ ಡಿಜಾಯ್ ದಾರಿ ಬದಲಿಸಿದರು. 2028ರೊಳಗೆ 1.06 ಲಕ್ಷ ಗಾಡಿ, ಅದರಲ್ಲಿ 66,000 ಎಲೆಕ್ಟ್ರಿಕ್, ಒಟ್ಟು ಖರ್ಚು 960 ಕೋಟಿ ಡಾಲರ್ ಎಂಬ ಯೋಜನೆ ಹೊರಬಿತ್ತು. ಕಾಗದದ ಮೇಲಿನ ವೇಗ ಕಾರ್ಖಾನೆಯಲ್ಲಿ ಕಾಣಲಿಲ್ಲ. 2024ರ ನವೆಂಬರ್ ಹೊತ್ತಿಗೆ ಆಷ್‌ಕಾಷ್ ಕೊಟ್ಟದ್ದು ಬರೇ 93 ಗಾಡಿ. ಆ ವೇಳೆಗೆ ಮೂರು ಸಾವಿರ ಬರಬೇಕಿತ್ತು. ಫೋರ್ಡ್‌ನಿಂದ ಸಿದ್ಧ ಎಲೆಕ್ಟ್ರಿಕ್ ವ್ಯಾನು ಕೊಂಡಿದ್ದರಿಂದ ಮಾನ ಉಳಿಯಿತು.

2025ರ ಜೂನ್‌ನಲ್ಲಿ ಗಾಳಿ ಮತ್ತೆ ತಿರುಗಿತು. ಎಲೆಕ್ಟ್ರಿಕ್ ಗಾಡಿ, ಚಾರ್ಜರ್ ಎಲ್ಲವನ್ನೂ ಮಾರಿಬಿಡಬೇಕೆಂಬ ಪ್ರಸ್ತಾವವನ್ನು ಸೆನೆಟ್ಟಿನ ರಿಪಬ್ಲಿಕನ್ನರು ತಂದರು. ಅಂಚೆ ಸೇವೆ ಲೆಕ್ಕ ಒಪ್ಪಿಸಿತು: ಆಗಲೇ ಓಡುತ್ತಿದ್ದ 7,200 ಗಾಡಿಗಳ ಬದಲಿಗೆ ಬೇರೆ ಕೊಳ್ಳಲು 100 ಕೋಟಿ ಡಾಲರ್ ಬೇಕು, ಚಾರ್ಜಿಂಗ್ ವ್ಯವಸ್ಥೆಗೆ ಸುರಿದ 50 ಕೋಟಿ ಮಣ್ಣುಪಾಲು. ಅದರಲ್ಲಿ ಬಹುಪಾಲು ಪಾರ್ಕಿಂಗ್ ಜಾಗದ ನೆಲದಡಿ ಹೂತಿರುವ ಕೇಬಲ್ಲು, ಪೈಪು. ಅಗೆದು ತೆಗೆದರೂ ಕೊಳ್ಳುವವರಿಲ್ಲ. ಬಜೆಟ್ ಮಸೂದೆಯಲ್ಲಿ ಇದನ್ನು ಸೇರಿಸುವುದು ಸದನದ ನಿಯಮಕ್ಕೆ ಹೊಂದದೆಂದು ಸೆನೆಟ್ಟಿನ ನಿಯಮಾಧಿಕಾರಿ ಹೇಳಿದ ಮೇಲೆ ಪ್ರಸ್ತಾವ ಬಿದ್ದುಹೋಯಿತು.