ಒಳಗೆ ಹೋಯ್ತಾ, ಇಲ್ವಾ?

ಗೋಲ್ ಪೋಸ್ಟ್‌ಗೆ ಬಲೆ ಇಲ್ಲದಿದ್ದರೆ ರೆಫರಿಯ ಪಾಡು ಯಾರಿಗೂ ಬೇಡ. ಕೆಲವು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಒಂದು ಶಾಲಾ ಫುಟ್‌ಬಾಲ್ ಪಂದ್ಯ. ಸುಡು ಬಿಸಿಲು. ಸುಣ್ಣದ ಪುಡಿಯ ಗೆರೆ ಅರ್ಧ ಅಳಿಸಿತ್ತು. ಎರಡೂ ಕಡೆ ಬರೀ ಕಂಬ. ಹುಡುಗನೊಬ್ಬ ನೇರಕ್ಕೆ ಜೋರಾಗಿ ಒದ್ದ. ಚೆಂಡು ಕಂಬದ ಪಕ್ಕದಲ್ಲೇ ಹಾದು ಹಿಂದಿನ ಕಾಂಪೌಂಡ್ ಗೋಡೆಗೆ ಬಡಿಯಿತು. "ಗೋಲ್ ಆಗೇತಿ ಸಾರ್!" ಅಂತ ಇವರು, "ಇಲ್ಲ ಸಾರ್, ಹೊರಗೆ ಹೋಗೇತಿ!" ಅಂತ ಅವರು. ನಾನು ಸುಸ್ತಾಗಿ ಮೈದಾನದ ನಡುವೆಯೇ ಉಳಿದಿದ್ದೆ. ನನಗೆ ಕಂಡೇ ಇರಲಿಲ್ಲ. ಆದರೂ ಸೀಟಿ ಊದಿ ಗೋಲ್ ಕೊಟ್ಟೆ. ಆ ಗೋಲ್‌ಕೀಪರ್ ಹುಡುಗ ಜಗಳವಾಡಲಿಲ್ಲ. ಗೋಡೆ ಮೇಲೆ ಚೆಂಡಿನ ಗುರುತು ತೋರಿಸಿದ, ಅಷ್ಟೇ. ಗುರುತು ಕಂಬದಿಂದ ಒಂದು ಗೇಣು ಆಚೆಗಿತ್ತು.

ಅಂದಿನಿಂದ ವಿಶ್ವಕಪ್ ಫೈನಲ್ ನೋಡುವಾಗ ನನ್ನ ಕಣ್ಣು ಮೊದಲು ಹುಡುಕುವುದು ರೆಫರಿ ಎಲ್ಲಿದ್ದಾನೆ ಅಂತ.

1966ರ ಫೈನಲ್ ತಗೊಳ್ಳಿ. ಲಂಡನ್ನಿನ ವೆಂಬ್ಲಿ. ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ 2-2ರಲ್ಲಿ ಸಮ, ಹೆಚ್ಚುವರಿ ಸಮಯ ನಡೆಯುತ್ತಿತ್ತು. ಜೆಫ್ ಹರ್ಸ್ಟ್ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು, ಕೆಳಗೆ ಗೆರೆಯ ಹತ್ತಿರ ಬಿದ್ದು ಹೊರಗೆ ಪುಟಿಯಿತು. ಸ್ವಿಟ್ಜರ್ಲೆಂಡಿನ ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್‌ಗೆ ಖಾತ್ರಿ ಇರಲಿಲ್ಲ. ನನ್ನ ಹಾಗೆ ಸುಮ್ನೆ ಊದಲಿಲ್ಲ ಆತ. ಗೆರೆ ಪಕ್ಕ ಬಾವುಟ ಹಿಡಿದಿದ್ದ ಲೈನ್ಸ್‌ಮನ್ ತೋಫಿಕ್ ಬಹ್ರಾಮೋವ್ ಹತ್ತಿರ ಓಡಿದರು. ಇಬ್ಬರಿಗೂ ಸರಿಯಾಗಿ ಗೊತ್ತಿದ್ದ ಒಂದೇ ಭಾಷೆ ಇರಲಿಲ್ಲ. ಬಹ್ರಾಮೋವ್ ತಲೆಯಾಡಿಸಿದರು. ಗೋಲ್! ಕೊನೆಗೆ ಇಂಗ್ಲೆಂಡ್ 4-2ರಿಂದ ಗೆದ್ದಿತು. ಎಲ್ಲರೂ ಅವರನ್ನು 'ರಷ್ಯಾದ ಲೈನ್ಸ್‌ಮನ್' ಅಂತ ಕರೆದರು. ಆದರೆ ಅವರು ಅಜರ್‌ಬೈಜಾನಿನವರು. ಬಾಕು ನಗರದ ಕ್ರೀಡಾಂಗಣಕ್ಕೆ ಇವತ್ತು ಅವರದೇ ಹೆಸರಿದೆ. ಲೈನ್ಸ್‌ಮನ್ ಹೆಸರಿನ ಸ್ಟೇಡಿಯಂ! ನಮ್ಮ ಕಡೆ ಲೈನ್ಸ್‌ಮನ್‌ಗೆ ಒಂದು ಲೋಟ ಮಜ್ಜಿಗೆ ಸಿಕ್ಕರೆ ಪುಣ್ಯ.

ಆ ಚೆಂಡು ನಿಜವಾಗಿ ಗೆರೆ ದಾಟಿತ್ತಾ? ಜಗಳ ಇನ್ನೂ ಮುಗಿದಿಲ್ಲ. ನನಗಂತೂ ದಾಟಿರಲಿಲ್ಲ ಅಂತಲೇ ಅನ್ನಿಸುತ್ತದೆ. ನಿಯಮದ ಪ್ರಕಾರ ಚೆಂಡು ಪೂರ್ತಿಯಾಗಿ ಗೆರೆ ದಾಟಬೇಕು, ನೂಲಿನಷ್ಟು ಉಳಿದರೂ ಗೋಲ್ ಅಲ್ಲ. ಇದನ್ನು ತೀರ್ಮಾನಿಸುವುದು ಎಷ್ಟು ಕಷ್ಟ ಅಂತ ನೋಡಬೇಕಾದರೆ ಮನೆಯ ಹೊಸ್ತಿಲ ಒಳಅಂಚಿನ ಮೇಲೆ ಒಂದು ನಿಂಬೆಹಣ್ಣು ಇಡಿ. ಹೊಸ್ತಿಲ ನೇರಕ್ಕೆ ಪಕ್ಕದಲ್ಲಿ ಕೂತು ನೋಡಿ. ಆಮೇಲೆ ನಾಲ್ಕು ಹೆಜ್ಜೆ ಅಂಗಳಕ್ಕೆ ಸರಿದು ಓರೆಯಾಗಿ ನೋಡಿ. ನಿಂಬೆಹಣ್ಣು ಅಲ್ಲೇ ಇರುತ್ತದೆ, ಉತ್ತರ ಮಾತ್ರ ಬದಲಾಗುತ್ತದೆ. ಅದಕ್ಕೇ ರೆಫರಿ ಮೈದಾನದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡುವುದು. ಆಟ ಅವನ ಮತ್ತು ಲೈನ್ಸ್‌ಮನ್‌ನ ನಡುವೆ ಇರಬೇಕು. ಒಬ್ಬನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣಲಿ ಅಂತ.

2010ರಲ್ಲಿ ಇದೇ ಕಥೆ ತಿರುಗುಮುರುಗಾಯಿತು. ಫೈನಲ್ ಅಲ್ಲ, 16 ತಂಡಗಳು ಉಳಿದಿದ್ದ ಘಟ್ಟ. ಮತ್ತೆ ಇಂಗ್ಲೆಂಡ್ ಮತ್ತು ಜರ್ಮನಿ. ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯಿಂದ ಸಾಕಷ್ಟು ಒಳಗೇ ಬಿತ್ತು. ಗೋಲ್ ಕೊಡಲೇ ಇಲ್ಲ. 2014ರ ವಿಶ್ವಕಪ್‌ಗೆ ಗೋಲ್ ಲೈನ್ ತಂತ್ರಜ್ಞಾನ ಬಂತು. ಚೆಂಡು ದಾಟಿದರೆ ರೆಫರಿಯ ವಾಚ್ ಒಂದು ಸೆಕೆಂಡಿನೊಳಗೆ ಹೇಳುತ್ತದೆ. 2022ರ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಮೆಸ್ಸಿ ಒದ್ದ ಚೆಂಡನ್ನು ಫ್ರಾನ್ಸಿನ ಕೂಂಡೆ ಹೊರಗೆ ತಳ್ಳಿದರು. ಆದರೆ ಅಷ್ಟರಲ್ಲಿ ಅದು ಗೆರೆ ದಾಟಿಯಾಗಿತ್ತು. ಯಾರೂ ಯಾರ ಹತ್ತಿರವೂ ಓಡಬೇಕಾಗಲಿಲ್ಲ.

ಆದರೆ ಎಲ್ಲವನ್ನೂ ವಾಚ್ ಹೇಳಲ್ಲ. 2010ರ ಫೈನಲ್‌ನಲ್ಲಿ ಹಾಲೆಂಡಿನ ಡಿ ಯಾಂಗ್ ಸ್ಪೇನಿನ ಅಲೊನ್ಸೊ ಎದೆಗೇ ಒದ್ದರು. ಸಿಕ್ಕಿದ್ದು ಬರೀ ಹಳದಿ ಕಾರ್ಡ್. ರೆಫರಿ ಹೋವರ್ಡ್ ವೆಬ್ ಇಂಗ್ಲೆಂಡಿನಲ್ಲಿ ಪೊಲೀಸ್ ಆಗಿದ್ದವರು. ತಮಗೆ ಅದು ಪೂರ್ತಿ ಕಂಡಿರಲಿಲ್ಲ, ಕೆಂಪು ಕಾರ್ಡ್ ಕೊಡಬೇಕಿತ್ತು ಅಂತ ವೆಬ್ ಆಮೇಲೆ ಒಪ್ಪಿಕೊಂಡರು. ಅಷ್ಟು ದೊಡ್ಡ ಪಂದ್ಯದ ತಪ್ಪನ್ನು ಬಾಯಿಬಿಟ್ಟು ಹೇಳುವುದು ಸಣ್ಣ ಮಾತಲ್ಲ. 2006ರ ಫೈನಲ್‌ನಲ್ಲಿ ಫ್ರಾನ್ಸಿನ ಜಿದಾನ್ ಇಟಲಿಯ ಮಾತೆರಾತ್ಸಿಗೆ ತಲೆಯಿಂದ ಗುದ್ದಿದಾಗ ರೆಫರಿ ಎಲಿಜಾಂಡೊ ನೋಡಿದ್ದು ಬೇರೆ ಕಡೆ. ಲೈನ್ಸ್‌ಮನ್‌ಗಳಿಗೂ ಕಂಡಿರಲಿಲ್ಲ. ಮೈದಾನದ ಹೊರಗೆ ಪಕ್ಕದಲ್ಲಿದ್ದ ನಾಲ್ಕನೇ ಅಧಿಕಾರಿ ಕಿವಿಗೆ ಹಾಕಿದ್ದ ಯಂತ್ರದಲ್ಲಿ ತಿಳಿಸಿದ ಮೇಲೆ ಕೆಂಪು ಕಾರ್ಡ್ ಹೊರಬಂತು.

ಕೆಲವು ಜಗಳ ಆಟ ಶುರುವಾಗುವ ಮೊದಲೇ ಇರುತ್ತವೆ. 1930ರ ಮೊದಲ ಫೈನಲ್, ಉರುಗ್ವೆಯ ಮಾಂಟೆವಿಡಿಯೊದಲ್ಲಿ. ಯಾರ ಚೆಂಡಿನಲ್ಲಿ ಆಡುವುದು ಅನ್ನುವುದೇ ತಕರಾರು. ಬೆಲ್ಜಿಯಂನ ರೆಫರಿ ಲಾಂಗೆನಸ್ ಪಂಚಾಯ್ತಿ ಮಾಡಿದರು: ಅರ್ಧ ಆಟ ಅರ್ಜೆಂಟೀನಾ ಚೆಂಡು, ಉಳಿದರ್ಧ ಉರುಗ್ವೆ ಚೆಂಡು. ತಮ್ಮ ಚೆಂಡಿದ್ದಾಗ ಅರ್ಜೆಂಟೀನಾ 2-1ರಿಂದ ಮುಂದಿತ್ತು. ಚೆಂಡು ಬದಲಾಯಿತು, ಉರುಗ್ವೆ 4-2ರಿಂದ ಗೆದ್ದಿತು. ಚೆಂಡೇ ಕಾರಣ ಅಂತ ನಾನು ಹೇಳಲ್ಲ. ಆದರೆ ಚೆಂಡು ತಂದವರ ಮಾತೇ ನಡೆಯುವ ಗಲ್ಲಿ ಆಟ ಆಡಿದವರಿಗೆಲ್ಲ ಇದು ಅರ್ಥ ಆಗುತ್ತೆ, ಅಲ್ವಾ?

ನನಗೆ ತುಂಬಾ ಇಷ್ಟದ ರೆಫರಿ 1974ರ ಫೈನಲ್‌ನ ಜಾಕ್ ಟೇಲರ್. ಇಂಗ್ಲೆಂಡಿನಲ್ಲಿ ಮಾಂಸದ ಅಂಗಡಿಯವರು. ಮ್ಯೂನಿಕ್‌ನಲ್ಲಿ ಮೊದಲ ನಿಮಿಷದಲ್ಲೇ ಹಾಲೆಂಡಿಗೆ ಪೆನಾಲ್ಟಿ ಕೊಟ್ಟರು, ಅದೂ ಪಶ್ಚಿಮ ಜರ್ಮನಿಯ ನೆಲದಲ್ಲಿ, ಜರ್ಮನಿ ವಿರುದ್ಧ! ಒಬ್ಬ ಜರ್ಮನ್ ಆಟಗಾರನೂ ಇನ್ನೂ ಚೆಂಡು ಮುಟ್ಟಿರಲಿಲ್ಲ. ಫೈನಲ್‌ಗಳಲ್ಲಿ ಅದೇ ಮೊದಲ ಪೆನಾಲ್ಟಿ. ಆಮೇಲೆ ಜರ್ಮನಿಗೂ ಒಂದು ಕೊಟ್ಟರು, ಜರ್ಮನಿ 2-1ರಿಂದ ಗೆದ್ದಿತು. ನನಗೆ ಜಾಸ್ತಿ ಹಿಡಿಸಿದ್ದು ಅದಕ್ಕೂ ಮೊದಲಿನದು. ಸೀಟಿ ಊದಬೇಕು ಅನ್ನುವಷ್ಟರಲ್ಲಿ ಟೇಲರ್ ಮೂಲೆಗಳ ಕಡೆ ನೋಡಿದರು. ಬಾವುಟಗಳೇ ಇಲ್ಲ! ಮೈದಾನದವರು ಸಮಾರಂಭಕ್ಕೆ ಅಂತ ಕಿತ್ತವರು ಮತ್ತೆ ನೆಡಲು ಮರೆತಿದ್ದರು. ಇಡೀ ಜಗತ್ತು ಕಾಯುತ್ತಿತ್ತು. ಬಾವುಟ ಬರುವ ತನಕ ಆಟ ಶುರು ಮಾಡಲಿಲ್ಲ.

ಈಗ ನಾನೂ ಪಂದ್ಯಕ್ಕೆ ಮುಂಚೆ ನಾಲ್ಕು ಮೂಲೆ ಸುತ್ತಿ ಬರುತ್ತೇನೆ. ಬಲೆ ಕಟ್ಟಿದ್ದಾರಾ, ಅದರಲ್ಲಿ ತೂತಿದೆಯಾ ಅಂತ ಕೈಯಾಡಿಸಿ ನೋಡುತ್ತೇನೆ. ಮೊನ್ನೆ ಭಾನುವಾರ ಒಂದು ಬಾವುಟದ ಕೋಲು ಕಾಣಲಿಲ್ಲ. ಹುಡುಕಿದರೆ ಗೇಟಿನ ಹೊರಗೆ ಮಂಡಕ್ಕಿ ಮಿರ್ಚಿ ಗಾಡಿಯ ಟಾರ್ಪಾಲಿಗೆ ಆನಿಸಿಟ್ಟಿತ್ತು. ಕಿತ್ತುಕೊಂಡು ಬಂದೆ. "ಮ್ಯಾಚ್ ಮುಗಿದ ಮ್ಯಾಲೆ ವಾಪಸ್ ಕೊಡ್ರಿ ಸಾರ್, ಬಿಸಿಲು ಭಾಳ ಐತಿ" ಅಂತ ಗಾಡಿಯವರು ಹಿಂದಿನಿಂದ ಕೂಗಿದರು.