ಕಿವಿಗೆ ಎಣ್ಣೆ ಬಿಡುವ ಮುನ್ನ

ಕಿವಿನೋವು ಎಂದೊಡನೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ನಾಲ್ಕು ಹನಿ ಬಿಡುವುದು ಎಷ್ಟೋ ಮನೆಗಳ ಮೊದಲ ಮದ್ದು. ಒಮ್ಮೆ ಹಿತವೆನಿಸುತ್ತದೆ, ಇನ್ನೊಮ್ಮೆ ಏನೂ ಆಗುವುದಿಲ್ಲ, ಮತ್ತೊಮ್ಮೆ ಇದ್ದ ನೋವೂ ಹೆಚ್ಚಾಗುತ್ತದೆ. ಹೀಗೇಕೆ ಎಂಬುದು ಕಿವಿಯ ಒಳಗಿನ ರಚನೆ ನೋಡಿದರೆ ತಿಳಿಯುತ್ತದೆ.

ದೊಡ್ಡವರ ಕಿವಿನಾಳದ ಉದ್ದ ಸುಮಾರು 2.5 ಸೆಂ.ಮೀ. ಅದರ ಕೊನೆಯಲ್ಲಿ ಸುಮಾರು 0.1 ಮಿ.ಮೀ. ದಪ್ಪದ ತಮಟೆ ಗೋಡೆಯಂತೆ ಅಡ್ಡ ನಿಂತಿದೆ. ತಮಟೆಯಲ್ಲಿ ತೂತಿಲ್ಲದಿದ್ದರೆ ನಾವು ಬಿಟ್ಟ ಎಣ್ಣೆಯಾಗಲಿ, ಸೊಪ್ಪಿನ ರಸವಾಗಲಿ ಆಚೆ ಹೋಗುವುದಿಲ್ಲ. ಮಕ್ಕಳಿಗೆ ನೆಗಡಿಯ ಬೆನ್ನಲ್ಲೇ ರಾತ್ರಿ ಹೊತ್ತು ಬರುವ ನೋವು ಹುಟ್ಟುವುದೋ ಸಾಮಾನ್ಯವಾಗಿ ಆ ಗೋಡೆಯ ಆಚೆ, ನಡುಗಿವಿಯಲ್ಲಿ. ಮೂಗಿನ ಹಿಂಭಾಗದಿಂದ ಅಲ್ಲಿಗೆ ಗಾಳಿ ಒಯ್ಯುವ ಯುಸ್ಟೇಕಿಯನ್ ನಾಳ ಊದಿ ಮುಚ್ಚಿಕೊಳ್ಳುತ್ತದೆ. ಒಳಗೆ ದ್ರವ ತುಂಬಿ ತಮಟೆಯನ್ನು ಹೊರಕ್ಕೆ ಒತ್ತುತ್ತದೆ. ಹೊರಗಿನಿಂದ ಬಿಟ್ಟ ಹನಿ ಆ ಸೋಂಕನ್ನು ಮುಟ್ಟುವುದೇ ಇಲ್ಲ.

ನೋವು ಯಾವ ಕಡೆಯದೆಂದು ಅಂದಾಜು ಮಾಡಲು ಒಂದು ಸುಲಭ ದಾರಿಯಿದೆ. ಕಿವಿಯನ್ನು ಮೆಲ್ಲಗೆ ಎಳೆಯಿರಿ, ರಂಧ್ರದ ಮುಂದಿರುವ ಪುಟ್ಟ ಚಾಚನ್ನು ಒತ್ತಿ ನೋಡಿ. ನೋವು ಚುರುಕ್ಕೆಂದು ಏರಿದರೆ ಹೊರನಾಳದ ಸೋಂಕು ಇರಬಹುದು. ಏರದಿದ್ದರೆ ನಡುಗಿವಿಯನ್ನು ಅನುಮಾನಿಸಬೇಕು. ಎರಡೂ ಅಲ್ಲದೆ, ಹುಳುಕು ದವಡೆಹಲ್ಲು, ಟಾನ್ಸಿಲ್, ದವಡೆಯ ಕೀಲು ಇವುಗಳ ನೋವೂ ಕಿವಿಯಲ್ಲೇ ಕಾಣಿಸಿಕೊಳ್ಳಬಹುದು, ಏಕೆಂದರೆ ಇವಕ್ಕೂ ಕಿವಿಗೂ ಹಂಚಿಕೆಯ ನರಗಳಿವೆ.

ಇನ್ನು ಬೆಳ್ಳುಳ್ಳಿ. ಎಸಳನ್ನು ಜಜ್ಜಿದಾಗ ಹುಟ್ಟುವ ಆಲಿಸಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲದು ನಿಜ, ಆದರೆ ಕಾಯಿಸಿದರೆ ಅದು ಒಡೆದುಹೋಗುತ್ತದೆ. ಹಸಿ ರಸವನ್ನೇ ಹಿಂಡೋಣವೆಂದರೆ ನಾಳದ ತೆಳು ಚರ್ಮ ಸುಡುತ್ತದೆ. ಬೆಳ್ಳುಳ್ಳಿ ಸೇರಿದ ಮೂಲಿಕೆ ಹನಿಗಳನ್ನು ಇಸ್ರೇಲಿನಲ್ಲಿ 171 ಮಕ್ಕಳ ಮೇಲೆ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಹನಿ ಪಡೆದವರ ನೋವು ಇಳಿದಿತ್ತು. ಆದರೆ ಆ ಇಳಿಕೆಯ ಬಹುಪಾಲು ತಾನಾಗಿಯೇ, ದಿನ ಕಳೆದಂತೆ ಆಗುವಂಥದ್ದು ಎಂದು ಸಂಶೋಧಕರೇ ಹೇಳಿದ್ದಾರೆ. ತುಳಸಿ, ಈರುಳ್ಳಿ ಮುಂತಾದ ಹಸಿ ರಸಗಳನ್ನು ಕಿವಿಗೆ ಬಿಡಲೇಬೇಡಿ. ಅವು ಕ್ರಿಮಿರಹಿತವಲ್ಲ, ಒಳಗೆ ಉಳಿದ ಚೂರು ಮತ್ತು ತೇವದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಆಗ ಶುರುವಾಗುವ ತುರಿಕೆ ತಡೆಯಲಾಗದು. ವೈದ್ಯರು ಬೆಳಕು ಹಾಯಿಸಿದರೆ ನೆನೆದ ಕಾಗದದಂಥ ಬಿಳಿ ಮುದ್ದೆಯ ಮೇಲೆ ಕಪ್ಪು ಚುಕ್ಕಿಗಳು ಕಾಣುತ್ತವೆ.

ನಡುಗಿವಿಯ ನೋವಿಗೆ ಮನೆಯಲ್ಲಿ ನಿಜಕ್ಕೂ ನೆರವಾಗುವುದು ಹೊರಗಿನ ಶಾಖ. ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಮುಂಗೈಯ ಒಳಬದಿಗೆ ತಾಗಿಸಿ ಬಿಸಿ ನೋಡಿ, ಕಿವಿಯ ಮೇಲೆ 10–15 ನಿಮಿಷ ಇಡಿ. ಮಕ್ಕಳಿಗೆ ಪ್ಯಾರಾಸಿಟಮಾಲ್ ಕೊಡುವುದಾದರೆ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10–15 ಮಿ.ಗ್ರಾಂ., ಎರಡು ಸಲದ ನಡುವೆ ಕನಿಷ್ಠ 4–6 ಗಂಟೆ ಅಂತರ, ದಿನಕ್ಕೆ 4 ಸಲ ಮೀರಬಾರದು.

ಎಣ್ಣೆಗೆ ತಕ್ಕ ಕೆಲಸವೂ ಇದೆ: ಗಟ್ಟಿಯಾಗಿ ಕಟ್ಟಿಕೊಂಡ ಗುಗ್ಗೆಯನ್ನು ಮೆದುಮಾಡುವುದು. ಗುಗ್ಗೆ ಕೊಳೆಯಲ್ಲ, ಅದರ ತುಸು ಆಮ್ಲಗುಣವೇ ಕಿವಿಗೆ ಕಾವಲು. ತಮಟೆಯ ಮೇಲಿನ ಚರ್ಮ ದಿನಕ್ಕೆ ಸುಮಾರು 0.1 ಮಿ.ಮೀ.ನಂತೆ ಹೊರಕ್ಕೆ ಸರಿಯುತ್ತ ಅದನ್ನು ತಾನೇ ಸಾಗಿಸುತ್ತದೆ. ಹತ್ತಿಕಡ್ಡಿ ಹಾಕಿದರೆ ಈ ಸಾಗಣೆ ತಿರುಗುಮುರುಗಾಗಿ ಗುಗ್ಗೆ ತಮಟೆಗೇ ಅಂಟುತ್ತದೆ. ಮೆದುಮಾಡಲು ಪಕ್ಕಕ್ಕೆ ಮಲಗಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಆಲಿವ್ ಅಥವಾ ಬಾದಾಮಿ ಎಣ್ಣೆಯ 2–3 ಹನಿ ಬಿಟ್ಟು 5 ನಿಮಿಷ ಹಾಗೇ ಇರಬೇಕು. ಬಾದಾಮಿ ಅಲರ್ಜಿ ಇದ್ದವರು ಆಲಿವ್ ಎಣ್ಣೆಯನ್ನಷ್ಟೇ ಬಳಸಲಿ. ದಿನಕ್ಕೆ 3–4 ಸಲ, 3ರಿಂದ 5 ದಿನ ಸಾಕು. ಮೊದಲ ಒಂದೆರಡು ದಿನ ಕಿವಿ ಇನ್ನಷ್ಟು ಮಂದವಾಗಬಹುದು, ಗುಗ್ಗೆ ಉಬ್ಬಿದ್ದರಿಂದ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಅಥವಾ ಹಿಂದೆ ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ಯಾವ ಎಣ್ಣೆಯೂ ಬೇಡ.

ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಬೇಡಿ. ನೀರು 100 ಡಿಗ್ರಿಗೆ ಕುದಿದು ಎಚ್ಚರಿಸುತ್ತದೆ. ಎಣ್ಣೆ 150 ಡಿಗ್ರಿಯಲ್ಲೂ ಅಲುಗದೆ ಕೂತಿರುತ್ತದೆ. ಸೀಸೆಯನ್ನು ಅಂಗೈಯಲ್ಲಿ ಕೆಲವು ನಿಮಿಷ ಹಿಡಿದುಕೊಂಡರೆ ಬೇಕಾದಷ್ಟು ಬೆಚ್ಚಗಾಗುತ್ತದೆ. ತಣ್ಣನೆಯ ಹನಿಯೂ ಸಲ್ಲದು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುವಾಗ, ನೀರು ತಣ್ಣಗಿದ್ದರೆ ತಲೆಸುತ್ತಿ ಕಣ್ಣುಗುಡ್ಡೆ ಒಂದು ಕಡೆ ಅದುರುವುದನ್ನೂ, ಬಿಸಿಯಾಗಿದ್ದರೆ ಅದು ದಿಕ್ಕು ಬದಲಿಸುವುದನ್ನೂ ಕಂಡರು. ಒಳಗಿವಿಯ ಸಮತೋಲನ ಅಂಗದ ದ್ರವದಲ್ಲಿ ಉಷ್ಣತೆಯ ವ್ಯತ್ಯಾಸ ಹರಿವನ್ನು ಹುಟ್ಟಿಸುತ್ತದೆ ಎಂದು ವಿವರಿಸಿದ ಅವರ ಸಂಶೋಧನೆಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಆದ್ದರಿಂದ ಹನಿ ಮೈಯಷ್ಟೇ, ಅಂದರೆ ಸುಮಾರು 37 ಡಿಗ್ರಿ, ಬೆಚ್ಚಗಿರಲಿ.

ಕೀವು ಅಥವಾ ರಕ್ತ ಸೋರಿದರೆ, ಕಿವಿಯ ಹಿಂದಿನ ಮೂಳೆ ಕೆಂಪಗೆ ಊದಿದರೆ, ಮುಖ ಒಂದು ಬದಿಗೆ ಸೊಟ್ಟಗಾದರೆ, ತಟ್ಟನೆ ಕಿವಿ ಕೇಳದಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಸಕ್ಕರೆ ಕಾಯಿಲೆಯವರಿಗೆ ನಿದ್ದೆಗೆಡಿಸುವಂಥ ಕಿವಿನೋವಿದ್ದರೆ ಅಂದೇ ತೋರಿಸಬೇಕು. ಹೊರನಾಳದ ಸೋಂಕು ಅವರಲ್ಲಿ ಮೂಳೆಗೂ ಇಳಿಯಬಲ್ಲದು. ಮಗು ಕಿವಿಗೆ ಕಾಳು ಹಾಕಿಕೊಂಡಿದ್ದರೆ ನೀರು ಬಿಡಬೇಡಿ, ಅದು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬಟನ್ ಬ್ಯಾಟರಿಯಾಗಿದ್ದರೆ ಯಾವ ಹನಿಯನ್ನೂ ಬಿಡದೆ ತಕ್ಷಣ ಆಸ್ಪತ್ರೆಗೆ ಹೋಗಿ: ತೇವ ತಾಗಿದರೆ ಅದು ಕೆಲವೇ ಗಂಟೆಗಳಲ್ಲಿ ಕಿವಿನಾಳವನ್ನು ಸುಡುತ್ತದೆ.