ಹೋಮ್‌ಪೋರ್ಟ್: ಕ್ರೂಸ್ ಹಡಗು ಯಾವ ಊರಿಂದ ಹೊರಡುತ್ತೆ, ಯಾಕೆ?

ಕ್ರೂಸ್ ಟಿಕೆಟ್ ನೋಡುವಾಗ ನಮ್ಮ ಕಣ್ಣು ಮೊದಲು ಹೋಗುವುದು ದಾರಿಯಲ್ಲಿ ಸಿಗುವ ಜಾಗಗಳ ಮೇಲೆ. ಹಿಮನದಿ ಇದೆಯಾ, ಬೀಚ್ ಇದೆಯಾ, ಎಷ್ಟು ರಾತ್ರಿ? ಹಡಗು ಹೊರಡುವ ಊರನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಆದರೆ ಕಂಪನಿಯವರು ಲೆಕ್ಕ ಶುರುಮಾಡುವುದೇ ಆ ಊರಿನಿಂದ. ಅದನ್ನೇ ಅವರು ಹೋಮ್‌ಪೋರ್ಟ್ ಅನ್ನುತ್ತಾರೆ.

ಒಂದು ಸೀಸನ್ ಪೂರ್ತಿ ಹಡಗು ಯಾವ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ಸುತ್ತು ಮುಗಿಸಿ, ಮತ್ತೆ ಅಲ್ಲಿಗೇ ತಂದು ಇಳಿಸುತ್ತದೋ ಅದು ಹೋಮ್‌ಪೋರ್ಟ್. ನಡುವೆ ಬೆಳಗ್ಗೆ ನಿಂತು ಸಂಜೆ ಹೊರಡುವ ಊರುಗಳು ಪೋರ್ಟ್ ಆಫ್ ಕಾಲ್. ಹಡಗಿನ ಹಿಂಭಾಗದಲ್ಲಿ ದೊಡ್ಡದಾಗಿ ನಸ್ಸಾವು ಅಂತಲೋ ಪನಾಮಾ ಅಂತಲೋ ಬರೆದಿರುತ್ತದಲ್ಲ, ಅದು ಇವೆರಡೂ ಅಲ್ಲ. ಅದು ಹಡಗಿನ ನೋಂದಣಿಯಾದ ಊರು. ಎಷ್ಟೋ ಹಡಗುಗಳು ಆ ಊರಿನ ಮುಖವನ್ನೇ ನೋಡಿರುವುದಿಲ್ಲ. ಆದರೂ ಈ ನೋಂದಣಿಯ ವಿಚಾರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲ ಬಂದರೂ ಹೋಮ್‌ಪೋರ್ಟ್ ಆಗಲು ಸಾಧ್ಯವಿಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಸುತ್ತು ಮುಗಿಯುವ ದಿನ ಅಲ್ಲಿ ಏನಾಗುತ್ತದೆ ನೋಡಬೇಕು. ಹಿಂದಿನ ರಾತ್ರಿಯೇ ಜನ ತಮ್ಮ ಸೂಟ್‌ಕೇಸ್‌ಗಳಿಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗೆ ಇಟ್ಟಿರುತ್ತಾರೆ. ಬೆಳಗಿನ ಜಾವ ಹಡಗು ಬಂದರಿಗೆ ಬರುತ್ತದೆ. ಒಂಬತ್ತು ಹತ್ತು ಗಂಟೆಯೊಳಗೆ ಎಲ್ಲರೂ ಇಳಿದಿರಬೇಕು. ಒಂದು ಕಡೆ ಕ್ಯಾಬಿನ್‌ಗಳಲ್ಲಿ ಹಾಸಿಗೆ ಬಟ್ಟೆ ಬದಲಾಗುತ್ತಿದ್ದರೆ, ಇನ್ನೊಂದು ಕಡೆ ಲಾರಿಗಳಿಂದ ತರಕಾರಿ, ಹಾಲು, ಮೊಟ್ಟೆ, ಮಾಂಸ ಎಲ್ಲ ಫೋರ್ಕ್‌ಲಿಫ್ಟ್ ಮೇಲೆ ಒಳಗೆ ಹೋಗುತ್ತಿರುತ್ತದೆ. ಕಸ ಹೊರಗೆ ಬರುತ್ತದೆ. ಪಕ್ಕದಲ್ಲಿ ಇಂಧನದ ದೋಣಿ ಬಂದು ನಿಲ್ಲುತ್ತದೆ. ಕೆಲಸದ ಅವಧಿ ಮುಗಿದ ಸಿಬ್ಬಂದಿ ಇಳಿದು ಹೊಸಬರು ಹತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರಯಾಣಿಕರ ಸಾಲು ಶುರು. ಅಪಾಯ ಬಂದರೆ ಎಲ್ಲಿ ಸೇರಬೇಕು ಅನ್ನುವ ಪಾಠ ಎಲ್ಲರಿಗೂ ಆಗಬೇಕು. ಸಂಜೆ ನಾಲ್ಕೋ ಐದೋ ಗಂಟೆಗೆ ಹಡಗು ಮತ್ತೆ ಹೊರಟಿತು. ಇದನ್ನು ಟರ್ನ್‌ಅರೌಂಡ್ ಡೇ ಅನ್ನುತ್ತಾರೆ.

2024ರ ಜನವರಿಯಲ್ಲಿ ಮಯಾಮಿಯಿಂದ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರು ಹಿಡಿಯುತ್ತಾರೆ. ಅಷ್ಟು ಜನ ಒಂದೇ ಬೆಳಗ್ಗೆ ಇಳಿದು, ಅಷ್ಟೇ ಜನ ಅದೇ ಮಧ್ಯಾಹ್ನ ಹತ್ತಬೇಕು ಅಂದರೆ ಹತ್ತಿರ ದೊಡ್ಡ ವಿಮಾನ ನಿಲ್ದಾಣ ಬೇಕು. ಹೋಟೆಲ್ ಬೇಕು, ಪಾರ್ಕಿಂಗ್ ಬೇಕು, ಸಾಕಷ್ಟು ಇಮಿಗ್ರೇಶನ್ ಕೌಂಟರ್ ಬೇಕು. ಸುಂದರವಾದ ಕಡಲ ತೀರ ಹೋಮ್‌ಪೋರ್ಟ್‌ಗೆ ಬೇಕೇ ಬೇಕು ಅಂತೇನೂ ಇಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಜನ ವಿಮಾನ ಹತ್ತಲು ಹೆದರಿದಾಗ, ಕಂಪನಿಗಳು ಜನರಿದ್ದ ಕಡೆಗೇ ಹಡಗು ತಂದವು. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಂಥ, ಕಾರಿನಲ್ಲೇ ಬಂದು ಹಡಗು ಹತ್ತಬಹುದಾದ ಬಂದರುಗಳು ಬೆಳೆದದ್ದು ಆಗಲೇ.

ಇನ್ನು ಸೀಸನ್. ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆಯಲ್ಲಿ ಬಯಲಾಟ ಆಡುವುದು ಹೇಗೆ? ಕ್ರೂಸ್ ಹಡಗಿಗೂ ಇಂಥದ್ದೇ ತಿರುಗಾಟ ಇದೆ. ವ್ಯತ್ಯಾಸ ಇಷ್ಟೇ, ಒಂದು ಕಡೆ ಸೀಸನ್ ಮುಗಿದರೆ ಅದು ಗೆಜ್ಜೆ ಬಿಚ್ಚುವುದಿಲ್ಲ, ಬೇರೆ ಸಮುದ್ರಕ್ಕೆ ಹೋಗುತ್ತದೆ. ಅಷ್ಟು ದುಡ್ಡು ಸುರಿದು ಕಟ್ಟಿದ ಹಡಗು ಒಂದು ವಾರ ಸುಮ್ನೆ ನಿಂತರೂ ನಷ್ಟ.

ಹಾಗಾಗಿ ಚಳಿಗಾಲದಲ್ಲಿ ಫ್ಲೋರಿಡಾದಿಂದ ಕೆರಿಬಿಯನ್, ಬೇಸಿಗೆಯಲ್ಲಿ ಮೆಡಿಟರೇನಿಯನ್ ಅಥವಾ ಅಲಾಸ್ಕಾ. ಅಲಾಸ್ಕಾ ಸೀಸನ್ ಏಪ್ರಿಲ್ ಕೊನೆಗೆ ಶುರುವಾಗಿ ಅಕ್ಟೋಬರ್‌ಗೆ ಮುಗಿಯುತ್ತದೆ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ತಿಂಗಳುಗಳಲ್ಲೂ ಕೆರಿಬಿಯನ್‌ನಲ್ಲಿ ಹಡಗು ಓಡುತ್ತವೆ, ಯಾಕೆಂದರೆ ಅಮೆರಿಕದ ಶಾಲೆಗಳಿಗೆ ರಜೆ ಇರುವುದು ಆಗಲೇ. ಗಾಳಿ ಎದ್ದರೆ ಪೂರ್ವದ ದ್ವೀಪಗಳನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿಸುತ್ತಾರೆ.

ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಓಡಾಟ ಶುರುಮಾಡಿತು. ಗೋವಾ, ಕೊಚ್ಚಿ, ಲಕ್ಷದ್ವೀಪ ಅದರ ದಾರಿ. ಲಕ್ಷದ್ವೀಪದಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ. ಹೊರಗೆ ನಿಂತು ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸಬೇಕು. ಮುಂಗಾರಿನ ಅಲೆಯಲ್ಲಿ ಅದು ಆಗದ ಮಾತು. 2022ರ ಜೂನ್‌ನಲ್ಲಿ ಅದೇ ಹಡಗು ಚೆನ್ನೈಗೆ ಬಂತು. ನೈಋತ್ಯ ಮುಂಗಾರು ಪಶ್ಚಿಮ ಕರಾವಳಿಯನ್ನು ತೋಯಿಸುವಾಗ ಚೆನ್ನೈ ಕಡೆ ಮಳೆ ಕಡಿಮೆ. ಮುಂದೆ ಅದೇ ತಿಂಗಳುಗಳಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೆ ಹೋಗಿ ಬರುವ ಸುತ್ತುಗಳೂ ಬಂದವು. ಶ್ರೀಲಂಕಾದ ಪೂರ್ವ ತೀರದ ಟ್ರಿಂಕೋಮಲಿಯಲ್ಲಿ ಕಡಲು ಶಾಂತವಾಗಿರುವುದು ಆಗಲೇ. ಅಕ್ಟೋಬರ್‌ನಲ್ಲಿ ಈಶಾನ್ಯದ ಹಿಂಗಾರು ಬಂದು ಬಂಗಾಳ ಕೊಲ್ಲಿ ಕೆಡುವ ಹೊತ್ತಿಗೆ ಮುಂಬೈ ಕಡೆ ಕಡಲು ತಿಳಿಯಾಗಿರುತ್ತದೆ. ಎರಡು ಮಳೆಗಾಲ, ಎರಡು ಹೋಮ್‌ಪೋರ್ಟ್. ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ.

ಆದರೆ ಹವಾಮಾನ ಅರ್ಧ ಕತೆ ಮಾತ್ರ. ಉಳಿದರ್ಧಕ್ಕೆ ಸಿಯಾಟಲ್ ನೋಡಬೇಕು. ಅಮೆರಿಕದಲ್ಲಿರುವ ನಮ್ಮವರು ಊರಿಂದ ಅಪ್ಪ ಅಮ್ಮ ಬಂದಾಗ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುವುದುಂಟು. ಸಿಯಾಟಲ್‌ನಿಂದ ಏಳು ರಾತ್ರಿಯ ಸುತ್ತು ತೆಗೆದುಕೊಂಡರೆ ಕೆಚಿಕನ್, ಜೂನೋ, ಸ್ಕ್ಯಾಗ್ವೇ ಎಲ್ಲ ಆದ ಮೇಲೆ, ಎಷ್ಟೋ ಸಲ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ ಬರುತ್ತದೆ. ಹಡಗು ಅಲ್ಲಿ ನಿಲ್ಲುವುದು ಕೆಲವೇ ಗಂಟೆ. ಕತ್ತಲಾಗುತ್ತಿರುತ್ತದೆ. ಊರು ಚೆನ್ನಾಗಿದೆ, ಆದರೆ ನೋಡಲು ಹೊತ್ತೆಲ್ಲಿ? ಇದೇನು ಹೀಗೆ ಅಂತ ಅನ್ನಿಸುತ್ತದೆ ಅಲ್ವಾ?

ಇದಕ್ಕೆ ಕಾರಣ 1886ರ ಒಂದು ಕಾನೂನು. ಅದರ ಹೆಸರು ಪ್ಯಾಸೆಂಜರ್ ವೆಸಲ್ ಸರ್ವಿಸಸ್ ಆಕ್ಟ್. ವಿದೇಶಿ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಜನರನ್ನು ಸಾಗಿಸುವಂತಿಲ್ಲ. ಹೊರಟ ಬಂದರಿಗೇ ಮರಳುವುದಾದರೂ ನಡುವೆ ಬೇರೆ ದೇಶದ ಒಂದು ಬಂದರನ್ನಾದರೂ ಮುಟ್ಟಿಯೇ ಬರಬೇಕು. ಈಗ ಆ ನೋಂದಣಿಯ ಊರು ನೆನಪು ಮಾಡಿಕೊಳ್ಳಿ. ಬಹುಪಾಲು ದೊಡ್ಡ ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾ, ಬರ್ಮುಡಾಗಳಲ್ಲಿ ನೋಂದಣಿಯಾದವು. ಕಾನೂನಿನ ಕಣ್ಣಿಗೆ ಅವೆಲ್ಲ ವಿದೇಶಿ. ಹೀಗಾಗಿ ವಿಕ್ಟೋರಿಯಾದಂಥ ಕೆನಡಾದ ಒಂದು ಬಂದರು ದಾರಿಯಲ್ಲಿ ಬರಲೇಬೇಕು. ಅಮೆರಿಕದ ಧ್ವಜ ಹಾರಿಸುವ ಪ್ರೈಡ್ ಆಫ್ ಅಮೆರಿಕ ಹಡಗಿಗೆ ಈ ತೊಂದರೆ ಇಲ್ಲ. ಅದು ಹೊನೊಲುಲುವಿನಿಂದ ಹೊರಟು ಹವಾಯಿ ದ್ವೀಪಗಳನ್ನಷ್ಟೇ ಸುತ್ತಿ ಬರುತ್ತದೆ.

ಸುತ್ತು ಬರದೆ ಲಾಸ್ ಏಂಜಲಿಸ್‌ನಲ್ಲಿ ಹತ್ತಿ ಮಯಾಮಿಯಲ್ಲಿ ಇಳಿಯುವುದಾದರೆ ನಿಯಮ ಇನ್ನೂ ಬಿಗಿ. ಆಗ ಹತ್ತಿರದ ವಿದೇಶ ಸಾಲದು, ದೂರದ್ದೇ ಬೇಕು. ಪನಾಮಾ ಕಾಲುವೆಯ ಹಡಗುಗಳು ಕೊಲಂಬಿಯಾದ ಕಾರ್ಟಹೇನಾದಲ್ಲಿ ನಿಲ್ಲುವುದರ ಹಿಂದೆ ಈ ಲೆಕ್ಕವಿದೆ. ದಕ್ಷಿಣ ಅಮೆರಿಕ ಕಾನೂನಿನ ಪ್ರಕಾರ ದೂರ.

ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಈ ಕಾನೂನಿನ ಬಿಸಿ ಅಲಾಸ್ಕಾಗೆ ತಟ್ಟಿತು. ವಿಕ್ಟೋರಿಯಾ ಇಲ್ಲ ಅಂದರೆ ಸಿಯಾಟಲ್‌ನಿಂದ ಹಡಗೇ ಇಲ್ಲ. ಸ್ಕ್ಯಾಗ್ವೇಯಂಥ ಸಣ್ಣ ಊರುಗಳು ಬದುಕುವುದೇ ಬೇಸಿಗೆಯ ಹಡಗುಗಳನ್ನು ನಂಬಿಕೊಂಡು. ಕೊನೆಗೆ 2021ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯ ಕಾನೂನು ಮಾಡಬೇಕಾಯಿತು. ಮುಚ್ಚಿದ್ದು ಒಂದು ದೇಶದ ಬಂದರು, ಖಾಲಿಯಾದದ್ದು ಇನ್ನೊಂದು ದೇಶದ ಊರಿನ ಬೀದಿ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟುವುದು ಇದೇ.

ಹಾಗಾದರೆ ಕೆನಡಾದ ವ್ಯಾಂಕೂವರ್‌ನಿಂದಲೇ ಹೊರಟರೆ ಆಗುವುದಿಲ್ಲವಾ? ಆಗುತ್ತದೆ, ಎಷ್ಟೋ ಹಡಗುಗಳು ಹಾಗೇ ಮಾಡುತ್ತವೆ. ಅಲ್ಲಿಂದ ಹೊರಟು ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್‌ನಲ್ಲಿ ಇಳಿಸಿದರೂ ತೊಂದರೆ ಇಲ್ಲ, ಹೊರಟದ್ದೇ ವಿದೇಶದಿಂದ ಅಲ್ವಾ. ಜೊತೆಗೆ ದ್ವೀಪಗಳ ಮರೆಯಲ್ಲೇ ಸಾಗುವ ದಾರಿ, ಅಲೆಯ ಹೊಡೆತ ಕಡಿಮೆ. ಆದರೆ ಅಲ್ಲಿ ಒಂದು ಸೇತುವೆ ಇದೆ. ಕೆನಡಾ ಪ್ಲೇಸ್ ಟರ್ಮಿನಲ್‌ಗೆ ಹೋಗಬೇಕಾದರೆ ಲಯನ್ಸ್ ಗೇಟ್ ಸೇತುವೆಯ ಕೆಳಗೆ ನುಗ್ಗಬೇಕು. ನೀರಿನಿಂದ ಅದರ ಎತ್ತರ ಸುಮಾರು 61 ಮೀಟರ್. ಈಗಿನ ಅತಿ ದೊಡ್ಡ ಹಡಗುಗಳಿಗೆ ಅಷ್ಟು ಸಾಲುವುದಿಲ್ಲ. ಸಿಯಾಟಲ್ ದಾರಿಯಲ್ಲಿ ಅಂಥ ಸೇತುವೆ ಇಲ್ಲ. ಅಮೆರಿಕದವರಿಗೆ ಅಲ್ಲಿಗೆ ದೇಶದೊಳಗಿನ ವಿಮಾನವೇ ಸಾಕು. ಫ್ಲೋರಿಡಾದ ಟ್ಯಾಂಪಾ ಬಂದರಿಗೂ ಇದೇ ಕಷ್ಟ. ಅದರ ಬಾಗಿಲಲ್ಲಿರುವ ಸನ್‌ಶೈನ್ ಸ್ಕೈವೇ ಸೇತುವೆ ಸುಮಾರು 55 ಮೀಟರ್ ಎತ್ತರ. ಹಾಗಾಗಿ ಟ್ಯಾಂಪಾಕ್ಕೆ ಬರುವುದೆಲ್ಲ ಮಧ್ಯಮ ಗಾತ್ರದ ಹಡಗುಗಳು.

ಹೋಮ್‌ಪೋರ್ಟ್ ಆಯಿತು. ಇನ್ನು ದಾರಿ. ಸಂಜೆ ಐದಕ್ಕೆ ಬಿಟ್ಟ ಹಡಗು ಬೆಳಗ್ಗೆ ಏಳಕ್ಕೆ ಮುಂದಿನ ಊರು ಸೇರಬೇಕು. 18 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿಯಂತೆ, ಹದಿನಾಲ್ಕು ಗಂಟೆಗೆ ಸುಮಾರು 250 ನಾಟಿಕಲ್ ಮೈಲಿ, ಅಂದರೆ 460 ಕಿಲೋಮೀಟರ್. ಇದಕ್ಕಿಂತ ದೂರ ಇದ್ದರೆ ನಡುವೆ ಒಂದು ಪೂರ್ತಿ ದಿನ ಸಮುದ್ರದಲ್ಲೇ. ಜೋರಾಗಿ ಓಡಿಸಬಹುದಲ್ಲ ಅಂದರೆ, ವೇಗ ಎರಡು ಪಟ್ಟಾದರೆ ಎಂಜಿನ್‌ಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಇಂಧನದ ಖರ್ಚು ಯಾರು ಕೊಡುತ್ತಾರೆ? ಅದಕ್ಕೇ ಹತ್ತಿರದ ಊರುಗಳಿಗೆ ಬೆಲೆ ಜಾಸ್ತಿ. ಬಹಾಮಾಸ್‌ನಲ್ಲಿ ಕಂಪನಿಗಳು ಸ್ವಂತ ದ್ವೀಪ ಇಟ್ಟುಕೊಂಡಿರುವುದೂ ಇದೇ ಲೆಕ್ಕದಲ್ಲಿ. ಫ್ಲೋರಿಡಾದಿಂದ ನಿಧಾನಕ್ಕೆ ಹೋಗಿ ಸೇರಬಹುದು, ಅಲ್ಲಿ ಜನ ಖರ್ಚು ಮಾಡುವ ಹಣವೂ ಕಂಪನಿಗೇ ಬರುತ್ತದೆ.

ಜಾಗ ಸಿಗುವುದೂ ಸುಲಭವಲ್ಲ. ಅಲಾಸ್ಕಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗು ಬಿಡುತ್ತಾರೆ. ಜೂನೋದಲ್ಲಿ 2024ರಿಂದ ದಿನಕ್ಕೆ ಐದು. ವೆನಿಸ್‌ನ ಊರ ನಡುವಿನ ಕಾಲುವೆಯಲ್ಲಿ ದೊಡ್ಡ ಹಡಗುಗಳಿಗೆ 2021ರ ಆಗಸ್ಟ್‌ನಿಂದ ಪ್ರವೇಶವೇ ಇಲ್ಲ. ಊರಿನವರು ಇಷ್ಟು ಸಾಕು ಅಂದದ್ದು ಸರಿಯಾಗಿಯೇ ಇದೆ ಅನ್ನುವುದು ನನ್ನ ಅಭಿಪ್ರಾಯ. ನೋಡುವುದಕ್ಕೆ ಬಂದವರಿಂದಲೇ ನೋಡುವ ಜಾಗ ಹಾಳಾಗಬಾರದು. ಇಷ್ಟೆಲ್ಲ ಹೊಂದಿಸಬೇಕಾದ್ದರಿಂದ ವೇಳಾಪಟ್ಟಿ ಒಂದೂವರೆ ಎರಡು ವರ್ಷ ಮೊದಲೇ ತಯಾರಾಗಿರುತ್ತದೆ. ಯುದ್ಧ ಬಂದರೆ ಅದೂ ಕೆಡುತ್ತದೆ. ಬಾಲ್ಟಿಕ್ ಸುತ್ತಿನಲ್ಲಿ ಎಲ್ಲರೂ ಕಾಯುತ್ತಿದ್ದ ಸೇಂಟ್ ಪೀಟರ್ಸ್‌ಬರ್ಗ್ 2022ರಲ್ಲಿ ಪಟ್ಟಿಯಿಂದ ಹೋಯಿತು.

ಎರಡು ಸೀಸನ್‌ಗಳ ನಡುವೆ ಹಡಗು ಒಂದು ಹೋಮ್‌ಪೋರ್ಟ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕಲ್ಲ, ಆ ಪ್ರಯಾಣಕ್ಕೆ ರಿಪೊಸಿಷನಿಂಗ್ ಅನ್ನುತ್ತಾರೆ. ಏಪ್ರಿಲ್ ಮೇ ಹೊತ್ತಿಗೆ ಫ್ಲೋರಿಡಾದಿಂದ ಯುರೋಪಿಗೆ, ಅಕ್ಟೋಬರ್ ನವೆಂಬರ್‌ನಲ್ಲಿ ವಾಪಸ್. ಎರಡು ವಾರದಲ್ಲಿ ಒಂದೋ ಎರಡೋ ಊರು, ಉಳಿದದ್ದೆಲ್ಲ ನೀರು. ಖಾಲಿ ಓಡಿಸುವ ಬದಲು ಕಡಿಮೆ ದರಕ್ಕೆ ಟಿಕೆಟ್ ಮಾರುತ್ತಾರೆ. ಯುರೋಪಿನಿಂದ ಪಶ್ಚಿಮಕ್ಕೆ ಬರುವಾಗ ಗಡಿಯಾರ ಆಗಾಗ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಂಥ ದಿನಕ್ಕೆ 25 ಗಂಟೆ. ನಿದ್ದೆ ಪ್ರಿಯರು ಆ ದಿಕ್ಕನ್ನೇ ಆರಿಸುವುದು. ಆದರೆ ಇಳಿಯುವ ಊರು ಬೇರೆ. ಅಲ್ಲಿಂದ ಮನೆಗೆ ವಿಮಾನದ ಖರ್ಚು ಸೇರಿಸಿ ನೋಡದೆ ಅಗ್ಗ ಅಂದುಕೊಳ್ಳಬೇಡಿ.

ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಅಕ್ಟೋಬರ್ ನಂತರ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಗ್ಗೆ ಇಳಿದವರು ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ನೋಡಿ ಸಂಜೆ ಹಡಗಿಗೆ ಮರಳುತ್ತಾರೆ. ಅಂದರೆ ಇದು ಪೋರ್ಟ್ ಆಫ್ ಕಾಲ್. ಯುರೋಪು, ಕೊಲ್ಲಿ ದೇಶಗಳಿಂದ ಆಗ್ನೇಯ ಏಷ್ಯಾ ಕಡೆ ಹೋಗಿ ಬರುವ ಹಡಗುಗಳಿಗೆ ಇದು ದಾರಿಯಲ್ಲೇ ಸಿಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಎಷ್ಟೋ ಕಂಪನಿಗಳು ಆ ದಾರಿಯನ್ನೇ ಬಿಟ್ಟವು. ಹೀಗೆ ದಾರಿಯನ್ನು ನಂಬಿಕೊಂಡ ಬಂದರಿಗೆ, ತಾನು ಏನೂ ಮಾಡದೆಯೂ ಪೆಟ್ಟು ಬೀಳುತ್ತದೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಯುರೋಪಿನಿಂದ ನೇರ ವಿಮಾನ ಇಲ್ಲದಿರುವಾಗ, ದೊಡ್ಡ ಹಡಗನ್ನು ವಾರ ವಾರ ಇಲ್ಲೇ ತುಂಬಿಸುವುದು ಕಷ್ಟ. ಆದರೆ ನಮ್ಮದೇ ಜನರನ್ನು ಹತ್ತಿಸಿಕೊಳ್ಳುವ ಸಣ್ಣ ಹಡಗಿಗೆ ಮಂಗಳೂರು ಯಾಕಾಗಬಾರದು? ಬೆಂಗಳೂರು, ಮೈಸೂರಿನಿಂದ ರಾತ್ರಿ ಬಸ್ಸಿದೆ, ರೈಲಿದೆ. ಇದು ನನ್ನ ಆಸೆ.

ಟಿಕೆಟ್ ತೆಗೆಯುವ ಮೊದಲು ಹೊರಡುವ ಊರು, ಇಳಿಯುವ ಊರು, ನಡುವಿನ ದೇಶಗಳು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಲಾಸ್ಕಾಕ್ಕೆ ಹೋಗುವ ಭಾರತದ ಪಾಸ್‌ಪೋರ್ಟ್‌ನವರು ಆ ಒಂದು ಸಂಜೆಯ ವಿಕ್ಟೋರಿಯಾಗಾಗಿ ಕೆನಡಾ ವೀಸಾ ವಿಚಾರವನ್ನೂ, ಅಮೆರಿಕ ವೀಸಾದಲ್ಲಿ ಮತ್ತೆ ಒಳಗೆ ಬರಲು ಅವಕಾಶ ಇದೆಯಾ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಬೇಕು. ಇನ್ನು ಬೆಂಗಳೂರಿನವರು ಮಳೆಗಾಲದಲ್ಲಿ ಹೋಗುವುದಾದರೆ ಚೆನ್ನೈ ಕಡೆ ವೇಳಾಪಟ್ಟಿ ಇದೆಯಾ ಅಂತ ಮೊದಲು ಹುಡುಕಿ. ಮುಂಬೈಗಿಂತ ಅದು ಎಷ್ಟೋ ಹತ್ತಿರ.